ಹಾಕಿದ ವೇಷ, ಉಟ್ಟ ಬಟ್ಟೆ

ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಲುಂಗಿ ಸುತ್ತಿಕೊಳ್ಳುತ್ತೇವೆ, ಮುಂಡಾಸು ಕಟ್ಟುತ್ತೇವೆ. ವೇಷವನ್ನು ಮಾತ್ರ ಹಾಕುತ್ತೇವೆ, ಆಮೇಲೆ ಕಳಚುತ್ತೇವೆ. ಕಳಚುವುದು ವೇಷದ ಹುಟ್ಟುಗುಣವೇ ಇರಬೇಕು. ಕಳಚಲಾಗದ್ದನ್ನು ಯಾರೂ ವೇಷ ಅನ್ನುವುದಿಲ್ಲ. ಹಾಗೆಂದು ಈ ಪದದಲ್ಲಿ ಮೊದಲಿನಿಂದಲೂ ಮೋಸದ ವಾಸನೆ ಇತ್ತು ಅಂದುಕೊಳ್ಳಬೇಕಿಲ್ಲ. ಸಂಸ್ಕೃತದಲ್ಲಿ ಇದರ ಹಳೆಯ ಅರ್ಥಗಳಲ್ಲಿ ಕೆಲಸ, ಚಟುವಟಿಕೆ ಎಂಬುದೂ ಒಂದು; ಉಡುಪು, ತೋರಿಕೆ ಎಂಬ ಅರ್ಥಗಳು ಅದರ ಜೊತೆಗೆ ಬೆಳೆದವು. ಕನ್ನಡದ ನುಡಿಗಟ್ಟುಗಳಲ್ಲೂ ಆ ಹಳೆಯ ನಿಷ್ಪಕ್ಷಪಾತ ಅಲ್ಲಲ್ಲಿ ಉಳಿದಿದೆ. ಕತೆಯ ರಾಜ ರಾತ್ರಿ ಊರು ಸುತ್ತಲು ಹೊರಟಾಗ ‘ವೇಷ ಮರೆಸಿಕೊಂಡು’ ಹೋಗುತ್ತಾನೆ. ಇಲ್ಲಿ ಮರೆಸಿದ್ದು ಏನನ್ನು? ಕಿರೀಟವನ್ನು, ಪೀತಾಂಬರವನ್ನು. ಅಂದರೆ ಅರಮನೆಯಲ್ಲಿ ಅವನು ತೊಟ್ಟಿದ್ದೂ ವೇಷವೇ. ‘ಮಾರುವೇಷ’ ಎನ್ನುವ ಮಾತಿನೊಳಗೂ ಇದೇ ತರ್ಕವಿದೆ: ಇದು ಇನ್ನೊಂದು ವೇಷವಾದರೆ ಮೊದಲಿನದೂ ಒಂದು ವೇಷವೇ ಆಗಿರಬೇಕು. ರಾಜನಿಗೂ ಭಿಕ್ಷುಕನಿಗೂ ಒಂದೇ ಪದವನ್ನು ಕೊಟ್ಟ ಭಾಷೆ ಆಮೇಲೆ ಅದನ್ನು ಒಬ್ಬನ ಮೇಲೆ ಮಾತ್ರ ಆರೋಪವಾಗಿ ಹೊರಿಸಲು ಕಲಿತದ್ದು ಹೇಗೆ ಎಂಬುದು ಯೋಚಿಸಬೇಕಾದ ಸಂಗತಿ.

ಈ ಪದಕ್ಕೆ ಇವತ್ತಿಗೂ ಪೂರ್ತಿ ಮರ್ಯಾದೆ ಉಳಿದಿರುವುದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ. ಅಲ್ಲಿ ಕಲಾವಿದನೇ ವೇಷಧಾರಿ, ಪಾತ್ರವೇ ವೇಷ. ಎರಡನೇ ವೇಷ, ಪುಂಡುವೇಷ, ಬಣ್ಣದ ವೇಷ, ಸ್ತ್ರೀವೇಷ ಎಂದು ವರ್ಗಗಳಿವೆ. ‘ಅವರ ಕರ್ಣ ಒಳ್ಳೆಯ ವೇಷ’ ಎಂದರೆ ಹೊಗಳಿಕೆ. ಕೋಳ್ಯೂರು ರಾಮಚಂದ್ರ ರಾವ್, ಮಂಟಪ ಪ್ರಭಾಕರ ಉಪಾಧ್ಯರಂಥವರು ಹೆಸರಾದದ್ದೇ ಸ್ತ್ರೀವೇಷದಿಂದ. ಗಂಡಸು ಸೀರೆ ಉಟ್ಟ ಎಂಬುದಕ್ಕೆ ಅಲ್ಲಿ ಯಾರೂ ನಗುವುದಿಲ್ಲ. ಸೀರೆ ಉಟ್ಟು ಏನು ಮಾಡಿದ ಎಂದು ನೋಡುತ್ತಾರೆ. ಅದೇ ಪದ ಚೌಕಿಯ ಹೊರಗೆ ಬಂದ ಕೂಡಲೇ ಬೈಗುಳವಾಗುತ್ತದೆ. ‘ಹಗಲುವೇಷ’ದ ಗತಿಯನ್ನೇ ನೋಡಿ. ಬುಡ್ಗ ಜಂಗಮರಂಥ ಅಲೆಮಾರಿ ಕಲಾವಿದರು ಪುರಾಣದ ಪಾತ್ರಗಳ ಬಣ್ಣ ಬಳಿದುಕೊಂಡು, ರಂಗಸ್ಥಳವಿಲ್ಲದೆ, ದೀಪದ ಮಬ್ಬಿನ ನೆರವೂ ಇಲ್ಲದೆ, ಹಾಡಹಗಲೇ ಮನೆಬಾಗಿಲಿಗೆ ಬಂದು ಆಡುವ ಕಲೆ ಅದು. ಆಂಧ್ರ, ತೆಲಂಗಾಣಗಳಲ್ಲಿ ಅದೇ ಪಗಟಿವೇಷಾಲು. ಈಗ ಹಗಲುವೇಷ ಎಂದರೆ ಬೂಟಾಟಿಕೆ. ರಾಜಕಾರಣಿಗಳು ಒಬ್ಬರ ಮೇಲೊಬ್ಬರು ಎಸೆಯುವ ಮಾತು. ಇದರಷ್ಟು ಅನ್ಯಾಯದ ಬಳಕೆ ಇನ್ನೊಂದಿಲ್ಲ. ಬೂಟಾಟಿಕೆಯವನು ತಾನು ವೇಷ ಹಾಕಿದ್ದೇನೆ ಎಂಬುದನ್ನೇ ಮುಚ್ಚಿಡುತ್ತಾನೆ. ಹಗಲುವೇಷದವನು ಅದನ್ನು ಸಾರಿ ಹೇಳಿ, ತೋರಿಸಿ, ಮೊರದಲ್ಲಿ ಕಾಳು ಇಸಿದುಕೊಂಡು ಹೋಗುತ್ತಾನೆ.

ಹಾಗಾದರೆ ಒಂದು ಬಟ್ಟೆ ಯಾವಾಗ ಬಟ್ಟೆ, ಯಾವಾಗ ವೇಷ? ತೊಟ್ಟವನು ಹೇಳಿದಾಗಲೋ, ನೋಡಿದವನು ಹೇಳಿದಾಗಲೋ? ಗಂಡಸರ ಸ್ಕರ್ಟು ಎಂದು ಜಗತ್ತೆಲ್ಲ ತಮಾಷೆ ಮಾಡುವ ಸ್ಕಾಟ್ಲೆಂಡಿನ ಕಿಲ್ಟ್‌ನ ಚರಿತ್ರೆ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. 1746ರ ಏಪ್ರಿಲ್‌ನಲ್ಲಿ ಕಲೋಡನ್ ಕಾಳಗದಲ್ಲಿ ಗುಡ್ಡಗಾಡಿನ ಬಂಡುಕೋರರು ಸೋತ ಮೇಲೆ ಬ್ರಿಟಿಷ್ ಸಂಸತ್ತು ಅಲ್ಲಿನ ಗಂಡಸರು ಕಿಲ್ಟ್ ಉಡಬಾರದೆಂದು ಕಾಯಿದೆ ಮಾಡಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಸೆರೆ, ಎರಡನೇ ಸಲಕ್ಕೆ ಏಳು ವರ್ಷ ಸಮುದ್ರದಾಚೆಯ ತೋಟಗಳಿಗೆ ಗಡೀಪಾರು. ಆದರೆ ರಾಜನ ಸೈನ್ಯಕ್ಕೆ ಸೇರಿದ ಅದೇ ಗುಡ್ಡಗಾಡಿನವನಿಗೆ ಈ ನಿಷೇಧವಿರಲಿಲ್ಲ. ಅವನ ಮೈಮೇಲೆ ಅದು ಸಮವಸ್ತ್ರ. 1782ರಲ್ಲಿ ಕಾಯಿದೆ ರದ್ದಾಯಿತು. 1822ರಲ್ಲಿ ನಾಲ್ಕನೇ ಜಾರ್ಜ್ ಎಡಿನ್‌ಬರೊಗೆ ಭೇಟಿಕೊಟ್ಟಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ನಡೆಸಿದ ಸಂಭ್ರಮದಲ್ಲಿ, ಸ್ವತಃ ದೊರೆಯೇ ಕಿಲ್ಟ್ ಉಟ್ಟುಕೊಂಡ, ಒಳಗೆ ನಸುಗೆಂಪು ಬಣ್ಣದ ಬಿಗಿ ಚಲ್ಲಣ ಹಾಕಿಕೊಂಡು. ನೂರು ವರ್ಷವೂ ತುಂಬುವ ಮೊದಲೇ ಒಂದೇ ಬಟ್ಟೆ ರೈತನ ಮೈಮೇಲೆ ಅಪರಾಧವಾಗಿ, ಸಿಪಾಯಿಯ ಮೈಮೇಲೆ ಶಿಸ್ತಾಗಿ, ದೊರೆಯ ಮೈಮೇಲೆ ಅಲಂಕಾರವಾಗಿ ಸುತ್ತಿಬಂತು. ವೇಷ ಎಂಬ ಮಾತು ನಿಜವಾಗಿ ಸಲ್ಲಬೇಕಾದದ್ದು ಇವರಲ್ಲಿ ದೊರೆಗೆ. ಎಡಿನ್‌ಬರೊ ಬಿಟ್ಟ ಮೇಲೆ ಅದನ್ನು ಕಳಚಿಡುವ ಸೌಕರ್ಯ ಅವನಿಗಿತ್ತು. ಅದನ್ನು ಉಟ್ಟದ್ದಕ್ಕೆ ಅವನು ತೆರಬೇಕಾದ ದಂಡ ಏನೂ ಇರಲಿಲ್ಲ.

ಇದು ದೂರದೇಶದ ಹಳೆಯ ಕತೆ ಎನ್ನುವಂತಿಲ್ಲ. 2014ರ ಜುಲೈನಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬೊಂದರ ಬಾಗಿಲಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ವೇಷ್ಟಿ, ಅಂದರೆ ಪಂಚೆ, ಉಟ್ಟಿದ್ದಾರೆಂದು ತಡೆದರು. ತಮಿಳುನಾಡು ಸರ್ಕಾರ ಅದೇ ವರ್ಷ ಅಂಥ ತಡೆಗೆ ವಿರುದ್ಧವಾಗಿ ಕಾಯಿದೆ ತಂದಿತು. ಹತ್ತು ವರ್ಷಗಳ ಬಳಿಕ, 2024ರ ಜುಲೈನಲ್ಲಿ, ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ಗೆ ಮಗನೊಂದಿಗೆ ಸಿನಿಮಾ ನೋಡಲು ಬಂದ ರೈತರೊಬ್ಬರನ್ನು ಪಂಚೆಯ ಕಾರಣಕ್ಕೆ ಒಳಗೆ ಬಿಡಲಿಲ್ಲ. ಗದ್ದಲವೆದ್ದು, ಸರ್ಕಾರ ಆ ಮಾಲ್ ಅನ್ನು ಒಂದು ವಾರ ಮುಚ್ಚಿಸುವ ಮಟ್ಟಿಗೆ ಹೋಯಿತು. ಇದೇ ಊರಿನ ಶಾಲೆಗಳಲ್ಲಿ ನಡೆಯುವ ಛದ್ಮವೇಷ ಸ್ಪರ್ಧೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒನಕೆ ಓಬವ್ವ, ಕೃಷ್ಣ, ಸಂಗೊಳ್ಳಿ ರಾಯಣ್ಣರ ಸಾಲಿನಲ್ಲಿ ಪ್ರತಿವರ್ಷ ಒಂದಿಬ್ಬರು ಮಕ್ಕಳು ‘ರೈತ’ ಆಗಿ ಬರುತ್ತಾರೆ: ಬಿಳಿ ಪಂಚೆ, ಹೆಗಲಿಗೆ ಹಸಿರು ಟವೆಲು, ತಲೆಗೆ ರುಮಾಲು, ಕೈಯಲ್ಲಿ ರಟ್ಟಿನ ನೇಗಿಲು. ತಂದೆತಾಯಿ ಫೋಟೊ ತೆಗೆದುಕೊಳ್ಳುತ್ತಾರೆ, ತೀರ್ಪುಗಾರರು ಬಹುಮಾನ ಕೊಡುತ್ತಾರೆ. ಪಂಚೆ ಇಲ್ಲಿ ವೇಷವಾಗಿರುವುದರಿಂದ ಮುದ್ದಾಗಿದೆ. ಮಾಲ್‌ನ ಬಾಗಿಲಲ್ಲಿ ಅದು ಬಟ್ಟೆಯಾಗಿದ್ದರಿಂದ ಅಡ್ಡಿಯಾಯಿತು. ಹುಡುಗ ಸಂಜೆ ಅದನ್ನು ಬಿಚ್ಚಿ ಚಡ್ಡಿ ಹಾಕಿಕೊಳ್ಳುತ್ತಾನೆ ಎಂಬ ಖಾತ್ರಿಯೇ ಬಹುಮಾನದ ಅರ್ಧ ಕಾರಣ.

ಪಂಚೆಯನ್ನೂ ಕಿಲ್ಟನ್ನೂ ಸ್ಕರ್ಟಿನ ಸಾಲಿಗೆ ಸೇರಿಸುವುದು ಸರಿಯೇ, ಪಂಚೆ ಗಂಡಸಿನ ಉಡುಪೆಂದು ಇಲ್ಲಿ ಎಲ್ಲರಿಗೂ ಗೊತ್ತಲ್ಲ ಎಂದು ಕೇಳಬಹುದು. ಗೊತ್ತಿರುವುದೇ ಇಲ್ಲಿನ ವಿಷಯ. ಎರಡು ಕಾಲುಗಳನ್ನು ಬೇರ್ಪಡಿಸದೆ ಸೊಂಟದಿಂದ ಇಳಿಬಿಟ್ಟ ಬಟ್ಟೆಯಲ್ಲಿ ಗಂಡು, ಹೆಣ್ಣು ಎಂಬ ಗುರುತು ಇಲ್ಲ. ಕರಾವಳಿಯ ಗಂಡಸಿನ ಲುಂಗಿಗೂ ಗದ್ದೆ ಕೆಲಸದ ಹೆಂಗಸು ಸುತ್ತಿಕೊಳ್ಳುವ ತುಂಡಿಗೂ ನೇಯ್ಗೆಯಲ್ಲಿ ಹೆಚ್ಚು ಅಂತರವಿಲ್ಲ. ಕಥಕ್ಕಳಿಯಲ್ಲಿ ವೀರಾಧಿವೀರ ಪುರುಷ ಪಾತ್ರಗಳೇ ಉಬ್ಬಿದ ದೊಡ್ಡ ಲಂಗದಂಥ ಉಡುಗೆಯಲ್ಲಿ ಕುಣಿಯುತ್ತವೆ. ಭೀಮನನ್ನು ಅದರಲ್ಲಿ ನೋಡಿ ಹೆಣ್ಣಿಗನೆಂದವರಿಲ್ಲ. ಬಟ್ಟೆಗೆ ಲಿಂಗವನ್ನು ಅಂಟಿಸುವುದು ರೂಢಿ. ಆ ರೂಢಿಯನ್ನು ದಾಟಿದವನಿಗೆ ‘ವೇಷ ಹಾಕಿದ’ ಎನ್ನುತ್ತೇವೆ, ರೂಢಿಯೊಳಗೆ ಇದ್ದವನು ‘ಬಟ್ಟೆ ತೊಟ್ಟ’. ಕಾಲೇಜಿಗೆ ಪ್ಯಾಂಟು ತೊಟ್ಟು ಹೋಗುವ ಹುಡುಗಿಯ ಬಗ್ಗೆ ಇವತ್ತು ವೇಷ ಎಂಬ ಮಾತು ಬರುವುದಿಲ್ಲ, ಲಂಗ ತೊಟ್ಟ ಹುಡುಗನ ಬಗ್ಗೆ ತಕ್ಷಣ ಬರುತ್ತದೆ. ಹೆಣ್ಣು ಗಂಡಿನ ಉಡುಪಿಗೆ ಏರಿದಳು, ಗಂಡು ಹೆಣ್ಣಿನ ಉಡುಪಿಗೆ ಇಳಿದ ಎಂಬ ಲೆಕ್ಕಾಚಾರ ಆ ನಗುವಿನ ತಳದಲ್ಲಿದೆ.

ಈ ನಗುವಿಗೆ ಸಮಾಜಗಳು ಕ್ಯಾಲೆಂಡರಿನಲ್ಲಿ ಜಾಗ ಮಾಡಿಕೊಟ್ಟಿವೆ. ಬಾಗಲಕೋಟೆಯ ಹೋಳಿಯಲ್ಲಿ ಸೋಗಿನ ಬಂಡಿಗಳು ಹೊರಡುತ್ತವೆ. ಸೋಗು ಎನ್ನುವುದು ವೇಷದ ತಮ್ಮ, ಅದಕ್ಕೂ ಇದೇ ಇಬ್ಬಗೆಯ ಬಾಳು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಹೋಳಿಗೆ ಬೇಡರ ವೇಷ. ಮಂಗಳೂರಿನ ದಸರೆಯಲ್ಲಿ ಹುಲಿವೇಷ, ಎಷ್ಟೋ ಮಂದಿಗೆ ಅದು ಹರಕೆ. ಕೇರಳದ ಕೊಲ್ಲಂ ಬಳಿಯ ಚವರದಲ್ಲಿರುವ ಕೊಟ್ಟಂಕುಳಂಗರ ದೇವಿಯ ಗುಡಿಯಲ್ಲಿ ಪ್ರತಿ ಮಾರ್ಚ್‌ನಲ್ಲಿ ಸಾವಿರಾರು ಗಂಡಸರು ಸೀರೆ, ಹೂವು, ಬಳೆ ತೊಟ್ಟು ದೀಪ ಹಿಡಿದು ನಿಲ್ಲುತ್ತಾರೆ. ಯಹೂದ್ಯರ ವಾದವಂತೂ ಇನ್ನೂ ಸ್ವಾರಸ್ಯ. ಅವರ ಧರ್ಮಗ್ರಂಥ ಗಂಡು ಹೆಣ್ಣಿನ ಉಡುಪನ್ನು ತೊಡಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಪೂರಿಮ್ ಹಬ್ಬದಲ್ಲಿ ಜನ ಅದಲುಬದಲಾಗಿ ತೊಡುತ್ತಿದ್ದರು. 15ನೇ ಶತಮಾನದಲ್ಲಿ ಇಟಲಿಯ ಪಡುವಾದ ಪಂಡಿತ ಯೆಹೂದಾ ಮಿಂಟ್ಸ್, ಹಬ್ಬದ ಸಂತೋಷಕ್ಕಾಗಿ ತೊಟ್ಟದ್ದು ದೋಷವಲ್ಲ ಎಂದು ತೀರ್ಮಾನಿಸಿದ. ಮುಂದಿನ ಶತಮಾನದಲ್ಲಿ ಪೋಲೆಂಡಿನ ಮೋಸೆಸ್ ಇಸರ್ಲೆಸ್ ಆ ರೂಢಿಯನ್ನು ಧರ್ಮಶಾಸ್ತ್ರದ ಟಿಪ್ಪಣಿಯಲ್ಲೇ ದಾಖಲಿಸಿ ಒಪ್ಪಿದ. ಆಮೇಲಿನ ಕೆಲವರು ಅದನ್ನು ಖಂಡಿಸಿದರು. ಒಪ್ಪಿದವರು ಉದ್ದೇಶವನ್ನು ನೋಡಿದರು, ಖಂಡಿಸಿದವರು ಬಟ್ಟೆಯನ್ನು ನೋಡಿದರು. ವೇಷದ ಹಬ್ಬಗಳ ಬಗ್ಗೆ ಎಲ್ಲ ಊರುಗಳಲ್ಲೂ ನಡೆಯುವ ಜಗಳ ಹೆಚ್ಚುಕಡಿಮೆ ಇದೇ.

ಎರಡು ಪಕ್ಷಗಳಿಗೂ ಕಾಣದೆ ಹೋದ ಮೂರನೆಯ ಪ್ರಶ್ನೆಯೊಂದಿದೆ: ಹಬ್ಬ ಮುಗಿದ ಮರುದಿನ ಏನು? ‘ಈ ದಿನ ಲೆಕ್ಕಕ್ಕಿಲ್ಲ’ ಎಂದು ಅನುಮತಿ ಕೊಡುವ ಹಬ್ಬ, ಉಳಿದ ದಿನಗಳೆಲ್ಲ ಲೆಕ್ಕಕ್ಕಿವೆ ಎಂದೂ ಅದೇ ಉಸಿರಿನಲ್ಲಿ ಹೇಳುತ್ತದೆ. ಕೊಟ್ಟಂಕುಳಂಗರದ ದೀಪದ ಸಾಲಿನಲ್ಲಿ ಲಿಂಗಾಂತರಿಗಳೂ ನಿಲ್ಲುತ್ತಾರೆ. ಪಕ್ಕದ ಗಂಡಸಿಗೆ ಅದು ಹರಕೆಯ ವೇಷ, ಅವರಿಗೆ ಅದು ತಮ್ಮದೇ ಬಟ್ಟೆ. ಸವದತ್ತಿ ಎಲ್ಲಮ್ಮನಿಗೆ ಅರ್ಪಿಸಿಕೊಂಡ ಜೋಗಪ್ಪಗಳು ದೀಕ್ಷೆಯ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟರೆ ಅದು ಬದುಕಿಗೆಲ್ಲ ಉಟ್ಟದ್ದು. ಅವರ ಬೆನ್ನಹಿಂದೆ ಜನ ಆಡುವ ‘ಹೆಣ್ಣುವೇಷ ಹಾಕ್ಕೊಂಡು ತಿರುಗ್ತಾನೆ’ ಎಂಬ ಮಾತಿನಲ್ಲಿ ‘ತಿರುಗ್ತಾನೆ’ಗಿಂತ ‘ವೇಷ’ವೇ ಹೆಚ್ಚು ಕ್ರೂರ, ಕಳಚಲಾಗದ್ದನ್ನು ಕಳಚಬಹುದಿತ್ತು ಎಂದು ಅದು ಹೇಳುತ್ತದೆ. ಜೋಗತಿ ಕಲಾವಿದೆ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದಲೇ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಆ ಸೆರಗನ್ನು ವೇಷದ ಸೆರಗು ಎನ್ನಲು ಬಾಯಿ ಬರಬೇಕಾದರೆ ತುಂಬ ಗಟ್ಟಿ ಎದೆ ಬೇಕು.

ಇದರ ಇನ್ನೊಂದು ಮುಖ ಕೊರಗ ವೇಷ. ನವರಾತ್ರಿಯ ದಿನಗಳಲ್ಲಿ ಕರಾವಳಿಯ ಇತರ ಜಾತಿಗಳ ಯುವಕರು ಮೈಗೆ ಮಸಿ ಬಳಿದುಕೊಂಡು, ಹಾಳೆಯ ಟೊಪ್ಪಿ ಇಟ್ಟುಕೊಂಡು, ಕೊರಗ ಬುಡಕಟ್ಟಿನವರಂತೆ ಮಾತಾಡಿ ಕುಣಿದು ದುಡ್ಡೆತ್ತುವ ರೂಢಿ ಇತ್ತು. ನಿಜವಾದ ಕೊರಗರನ್ನು ಅಜಲು ಎಂಬ ಪದ್ಧತಿಯಲ್ಲಿ ಮನುಷ್ಯರಂತೆಯೇ ನಡೆಸಿಕೊಳ್ಳದಿದ್ದ ನೆಲದಲ್ಲಿ ಅವರ ರೂಪ ಮಾತ್ರ ಮನರಂಜನೆಯಾಗಿತ್ತು. ಅಜಲನ್ನು ಕರ್ನಾಟಕ 2000ದ ಕಾಯಿದೆಯಿಂದ ನಿಷೇಧಿಸಿತು. ವೇಷವನ್ನೂ ಸಮುದಾಯ ವಿರೋಧಿಸಿತು, ಜಿಲ್ಲಾಡಳಿತ ತಡೆಯಿತು. ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2011ರಲ್ಲಿ ಹ್ಯಾಲೋವೀನ್ ಹಬ್ಬದ ವೇಳೆ, ನಮ್ಮದು ಸಂಸ್ಕೃತಿ, ವೇಷವಲ್ಲ ಎಂಬ ಅರ್ಥದ ಭಿತ್ತಿಪತ್ರಗಳನ್ನು ಹೊರತಂದಾಗ ಅಲ್ಲಿ ಎದ್ದ ಚರ್ಚೆ ಕೊರಗರಿಗೆ ಹೊಸದೆನಿಸಲಾರದು. ಹೀಗೆ ಒಂದೊಂದನ್ನೇ ಬೇಡವೆಂದರೆ ಹಬ್ಬದಲ್ಲಿ ಉಳಿಯುವುದೇನು, ನಾಳೆ ಹೆಂಗಸರು ಸ್ತ್ರೀವೇಷವೂ ಬೇಡ ಎಂದರೆ ಎಂಬ ಆತಂಕ ಸುಳ್ಳಲ್ಲ. ಹೆಂಗಸರಿಗೆ ಹಾಗೆ ಕೇಳಲು ಕಾರಣವೂ ಇದೆ. ರಂಗದ ಮೇಲೆ ಅವರನ್ನು ಬಿಡದಿದ್ದ ಕಾಲದಲ್ಲೇ ಗಂಡಸರ ಸ್ತ್ರೀವೇಷ ಅರಳಿದ್ದು. ಆದರೆ ದ್ರೌಪದಿಯ ಮಾತಿಗೆ ಸಭೆ ತಲೆತಗ್ಗಿಸುವಂತೆ ಆಡುವ ವೇಷಧಾರಿಯನ್ನೂ, ಸೀರೆಯೊಳಗೆ ಬಲೂನು ತುರುಕಿಕೊಂಡು ಆರ್ಕೆಸ್ಟ್ರಾ ವೇದಿಕೆಯಲ್ಲಿ ಸೊಂಟ ತಿರುಗಿಸುವವನನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಮೊದಲನೆಯವನು ಹೆಣ್ಣಾಗಲು ಶ್ರಮಪಟ್ಟಿದ್ದಾನೆ. ಎರಡನೆಯವನು ತಾನು ಹೆಣ್ಣಲ್ಲ ಎಂಬುದನ್ನೇ ಗಳಿಗೆಗೊಮ್ಮೆ ನೆನಪಿಸುತ್ತಾನೆ. ಯಾರ ವೇಷ ಹಾಕಿದ್ದೇವೋ ಅವರು ಎದುರಿಗೆ ಕೂತು ನೋಡಬಲ್ಲರೇ ಎಂಬ ಪರೀಕ್ಷೆಯಲ್ಲಿ ಹುಲಿವೇಷ ಸುಲಭವಾಗಿ ಪಾಸಾಗುತ್ತದೆ, ಸ್ತ್ರೀವೇಷ ಆಡುವವನ ಯೋಗ್ಯತೆಗೆ ತಕ್ಕಂತೆ ಪಾಸೋ ಫೇಲೋ ಆಗುತ್ತದೆ, ಕೊರಗ ವೇಷ ಪರೀಕ್ಷೆಗೆ ಕೂರುವ ಅರ್ಹತೆಯನ್ನೇ ಪಡೆಯುವುದಿಲ್ಲ.

ಹಾಗೆಂದು ಈ ಪರೀಕ್ಷೆ ಮಡಿವಂತರ ವಾದವಲ್ಲ ಎಂಬುದಕ್ಕೆ ಕೊಡಗಿನ ಕುಂಡೆ ಹಬ್ಬ ಸಾಕ್ಷಿ. ಮೇ ಕೊನೆಯಲ್ಲಿ ದಕ್ಷಿಣ ಕೊಡಗಿನ ದೇವರಪುರದ ಸುತ್ತಮುತ್ತ ಹಾಡಿಗಳ ಜೇನುಕುರುಬ, ಬೆಟ್ಟಕುರುಬ, ಎರವ ಗಂಡಸರು ಸೀರೆ, ನೈಟಿ, ಲಂಗ, ಸಿಕ್ಕಿದ್ದು ತೊಟ್ಟುಕೊಂಡು ಹೊರಡುತ್ತಾರೆ. ತಮಗೆ ಕೈಕೊಟ್ಟನೆಂದು ದೇವರನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಅಂಗಡಿಯವರನ್ನೂ ದಾರಿಹೋಕರನ್ನೂ ಬೈದು ದುಡ್ಡು ಕೇಳುತ್ತಾರೆ. ಅಶ್ಲೀಲವೆಂದು ಮೂಗು ಮುರಿಯುವವರಿದ್ದಾರೆ. ಕೊರಗ ವೇಷ ತಪ್ಪಾದರೆ ಇದೂ ತಪ್ಪಲ್ಲವೇ, ನಿಯಮ ಎಲ್ಲರಿಗೂ ಒಂದೇ ಇರಬೇಕಲ್ಲವೇ ಎನ್ನುವವರೂ ಇದ್ದಾರೆ. ಆದರೆ ಕೊರಗ ವೇಷದಲ್ಲಿ ಬಲವಿದ್ದವನು ಬಲವಿಲ್ಲದವನ ರೂಪ ತೊಟ್ಟು ದುಡ್ಡೆತ್ತಿದ. ಇಲ್ಲಿ ವರ್ಷವೆಲ್ಲ ಬೈಗುಳ ಕೇಳಿದವನು ಒಂದು ದಿನ ಬೈಯುತ್ತಿದ್ದಾನೆ. ಲಂಗ ಅವನಿಗೆ ನಗೆಪಾಟಲಲ್ಲ, ಬೈಯಲು ಸಿಕ್ಕ ರಹದಾರಿ. ಮರುದಿನ ಅವನು ಅದನ್ನು ಕಳಚಿ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಾನೆ, ಕೂಲಿ ಹಿಂದಿನಷ್ಟೇ ಇರುತ್ತದೆ. ಈ ಹಬ್ಬದಲ್ಲಿ ಆಕ್ಷೇಪಿಸುವಂಥದ್ದು ಏನಾದರೂ ಇದ್ದರೆ ಅದು ಆ ಕೂಲಿ.