ನನ್ನ ಶ್ರೀ ಎಲ್ಲಿಗೆ ಹೋಯ್ತು? ಮೇಲ್ ಮರ್ಜ್ ಹಿಂದಿನ ಇತಿಹಾಸ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಮಾತಿನ ಬರಹರೂಪ ಇಲ್ಲಿದೆ.

ಎರಡು ವರ್ಷದ ಹಿಂದೆ ಪುಣೆಯಲ್ಲಿ ನಾವೊಂದಿಷ್ಟು ಜನ ಸೇರಿ ರಾಜ್ಯೋತ್ಸವ ಮಾಡಿದ್ವಿ. ಹಿರಿಯರಿಗೆ ವಾಟ್ಸ್‌ಆ್ಯಪ್ ಸಾಲದು, ಕಾಗದದ ಆಮಂತ್ರಣವೇ ಹೋಗ್ಬೇಕು ಅಂತ ತೀರ್ಮಾನ ಆಯ್ತು. ಎಕ್ಸೆಲ್‌ನಲ್ಲಿ 300 ಹೆಸರು, ವರ್ಡ್‌ನಲ್ಲಿ ಪತ್ರ, ಮಧ್ಯೆ ಮೇಲ್ ಮರ್ಜ್. ಎಂಟೆಕ್ ಮಾಡಿದವನು ಅಂತ ಕೆಲಸ ನನ್ನ ತಲೆಗೆ ಬಂತು. ಪತ್ರ ತಲುಪಿದ ಮರುದಿನ ಒಬ್ಬ ಹಿರಿಯರ ಫೋನ್: "ಏನಪ್ಪಾ, ನನ್ನ ಶ್ರೀ ಎಲ್ಲಿಗೆ ಹೋಯ್ತು?" ಅವರ ಹೆಸರು ಶ್ರೀನಿವಾಸ. ಅಚ್ಚಾಗಿದ್ದದ್ದು 'ಮಾನ್ಯ ನಿವಾಸ ಅವರಿಗೆ' ಅಂತ. ಬೈಯಲಿಲ್ಲ. "ಎಷ್ಟೋ ವರ್ಷದ ಮೇಲೆ ಕನ್ನಡದಲ್ಲಿ ಹೆಸರು ಬರೆದು ಒಂದು ಕಾಗದ ಬಂತು ನೋಡು" ಅಂದ್ರು, ಅಷ್ಟೆ. ಬೈದಿದ್ರೇ ಚೆನ್ನಾಗಿತ್ತು.

ತಪ್ಪು ನಂದೋ ಮೆಷಿನ್‌ದೋ ಅಂತ ಹುಡುಕ್ತಾ ಹೋದೆ. ಆಗ ಗೊತ್ತಾಗಿದ್ದು, ಪತ್ರಕ್ಕೂ ವಿಳಾಸಕ್ಕೂ ಗಂಟು ಹಾಕೋ ಕೆಲಸ ನಾವು ಹುಟ್ಟೋಕೆ ಮುಂಚೇನೇ ಮುಗಿದಿತ್ತು. ಐಬಿಎಂ 1964ರಲ್ಲಿ ಮ್ಯಾಗ್ನೆಟಿಕ್ ಟೇಪ್ ಇದ್ದ ಸೆಲೆಕ್ಟ್ರಿಕ್ ಟೈಪ್‌ರೈಟರ್ ಮಾರುಕಟ್ಟೆಗೆ ತಂತು. ಅದರ ಎರಡು ಟೇಪಿನ ಮಾದರಿಯಲ್ಲಿ ಒಂದರಲ್ಲಿ ಪತ್ರ, ಇನ್ನೊಂದರಲ್ಲಿ ಹೆಸರು-ವಿಳಾಸ. ಆಮೇಲೆ ಮೈಕ್ರೋಪ್ರೋ ಕಂಪನಿಯ ವರ್ಡ್‌ಸ್ಟಾರ್ ಬಂತು. ಅದಕ್ಕೆ ಮೇಲ್‌ಮರ್ಜ್ ಅನ್ನೋದನ್ನ ಬೇರೆ ದುಡ್ಡು ಕೊಟ್ಟು ತಗೋಬೇಕಿತ್ತು. ವಿಳಾಸದ ಒಳಗೇ ಅಲ್ಪವಿರಾಮ ಬಂದ್ರೆ ಅದನ್ನ ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಇಲ್ಲಾಂದ್ರೆ ಊರಿನ ಜಾಗದಲ್ಲಿ ಬೀದಿ ಹೆಸರು ಕೂತ್ಕೊಳ್ಳುತ್ತೆ. ವಿಳಾಸದ ಎರಡನೇ ಸಾಲು ಖಾಲಿ ಇದ್ರೆ ಅದನ್ನ ಬಿಟ್ಟು ಮುಂದಕ್ಕೆ ಹೋಗು ಅಂತ ಹೇಳೋಕೆ, ಓರೆಗೆರೆ ಹಾಕಿ 'ಓ' ಅಕ್ಷರ ಬರೆಯೋ ಸೌಲಭ್ಯ ಇತ್ತು. ಶುಚಿ ಮಾಡೋ ಕೆಲಸದಲ್ಲಿ ಅದು ಕೊಡ್ತಿದ್ದ ಸಹಾಯ ಹೆಚ್ಚುಕಮ್ಮಿ ಇಷ್ಟೇ. ಪಟ್ಟಿ ಕೊಡೋರು ಪಟ್ಟಿ ಸರಿಯಾಗೇ ಕೊಡ್ತಾರೆ ಅನ್ನೋ ನಂಬಿಕೆ. ಪಾಪ.

ಶುಚಿ ಮಾಡೋ ಉಪಕರಣ ಬಂದಿದ್ದು ಬೇರೆ ದಾರಿಯಿಂದ. ಗಣಿತಜ್ಞ ಸ್ಟೀಫನ್ ಕ್ಲೀನಿ ನರಜಾಲಗಳ ಗಣಿತ ಮಾಡ್ತಾ ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನೋ ಕಲ್ಪನೆ ಕೊಟ್ರು. ಪ್ರಬಂಧ ಅಚ್ಚಾಗಿದ್ದು 1956ರಲ್ಲಿ. ಅದನ್ನ ಪಠ್ಯ ಹುಡುಕೋಕೆ ಬಳಸೋ ವಿಧಾನವನ್ನ ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದ್ರು. ಮುಂದೆ ಬೆಲ್ ಲ್ಯಾಬ್ಸ್‌ನಲ್ಲಿ ಅವರದೇ ಗ್ರೆಪ್, ಆಮೇಲೆ ಲೀ ಮ್ಯಾಕ್‌ಮಹನ್ ಅವರ ಸೆಡ್. ಹುಡುಕು, ಬದಲಿಸು, ಕಣ್ಣಲ್ಲಿ ನೋಡದೇ ಸಾವಿರ ಸಾಲು ತಿದ್ದು. ಈ ಪರಂಪರೆಯಲ್ಲೇ 'ಪದದ ಗಡಿ' ಅನ್ನೋ ಗುರುತು ಬಂತು. ಪದದ ಅಕ್ಷರ ಅಂದ್ರೆ ಎ ಇಂದ ಝಡ್, ಅಂಕಿ, ಅಂಡರ್‌ಸ್ಕೋರ್. ಅವರ ಪ್ರಪಂಚ ಅಷ್ಟೇ ಇತ್ತು.

ಈಗ ನನ್ನ ಕಥೆಗೆ ಬರ್ತೀನಿ. ಪಟ್ಟಿಯಲ್ಲಿ ಅರ್ಧ ಜನರಿಗೆ ಶ್ರೀ ಇತ್ತು, ಅರ್ಧಕ್ಕೆ ಇಲ್ಲ. ಎಲ್ಲಾ ತೆಗೆದು 'ಮಾನ್ಯ' ಅಂತ ಹಾಕೋಣ ಅಂದ್ಕೊಂಡೆ. ರಿಪ್ಲೇಸ್ ಆಲ್ ಒತ್ತಿದ್ರೆ ಶ್ರೀಧರ ಹೋಗಿ ಧರ ಆಗ್ತಾನೆ ಅನ್ನೋಷ್ಟು ಬುದ್ಧಿ ಇತ್ತು. ಅದಕ್ಕೇ ಪೈಥಾನ್‌ನಲ್ಲಿ ಎರಡೂ ಕಡೆ ಪದದ ಗಡಿ ಹಾಕಿ 'ಶ್ರೀ' ಹುಡುಕಿದೆ. ಮೊದಲ ಹತ್ತು ಸಾಲು ನೋಡಿದೆ, ಅಲ್ಲಿ ಶ್ರೀ ಇದ್ದವರೇ ಇರಲಿಲ್ಲ. ಸರಿ ಅಂತ ಪ್ರಿಂಟ್ ಕೊಟ್ಟೆ.

ಯೂನಿಕೋಡ್‌ನಲ್ಲಿ 'ಶ್ರೀ' ಅಂದ್ರೆ ನಾಲ್ಕು ಸಂಕೇತ: ಶ, ಹಲಂತದ ಗುರುತು, ರ, ದೀರ್ಘ ಈಕಾರದ ಚಿಹ್ನೆ. ಪೈಥಾನ್ ಜೊತೆಗೇ ಬರೋ ಲೈಬ್ರರಿ ಶ ಮತ್ತು ರ ಎರಡನ್ನೂ ಪದದ ಅಕ್ಷರ ಅಂತ ಒಪ್ಪುತ್ತೆ, ಹಲಂತವನ್ನೂ ಈಕಾರವನ್ನೂ ಒಪ್ಪಲ್ಲ. ಹಾಗಾಗಿ 'ಶ್ರೀನಿವಾಸ'ದಲ್ಲಿ ಈಕಾರ ಆದ್ಮೇಲೆ 'ನ' ಬಂದಾಗ ಅದಕ್ಕೆ ಗಡಿ ಕಾಣುತ್ತೆ. ಕತ್ತರಿ ಅಲ್ಲೇ. ಶ್ರೀ ಆದ್ಮೇಲೆ ನಿಜವಾಗಿ ಖಾಲಿ ಜಾಗ ಇದ್ರೆ? ಎರಡೂ ಪದದ ಅಕ್ಷರ ಅಲ್ಲ, ಗಡಿಯೇ ಇಲ್ಲ, ಮುಟ್ಟೋದೇ ಇಲ್ಲ. ಅಂದ್ರೆ ಉಳಿಸಬೇಕಾದ್ದನ್ನ ಕತ್ತರಿಸಿ, ಕತ್ತರಿಸಬೇಕಾದ್ದನ್ನ ಉಳಿಸಿತ್ತು. ಪಕ್ಕಾ ಉಲ್ಟಾ! ಚಿಹ್ನೆಗಳನ್ನೂ ಪದದ ಭಾಗ ಅಂತ ಎಣಿಸಿ ಅಂತ ಯೂನಿಕೋಡ್‌ನ ಮಾರ್ಗಸೂಚಿಯೇ ಹೇಳುತ್ತೆ. ಪೈಥಾನ್‌ಗೆ ಬೇರೆಯಾಗಿ ಹಾಕ್ಕೊಳ್ಳೋ 'ರೆಜೆಕ್ಸ್' ಲೈಬ್ರರಿ ಹಾಗೇ ಮಾಡುತ್ತೆ.

ಇನ್ನೊಂದು ಗುಂಡಿ ಇದೆ. ಆ ಈಕಾರವನ್ನೇ ಒಂದೇ ಸಂಕೇತವಾಗಿಯೂ ಬರೀಬಹುದು, ಗುಡಿಸು ಮತ್ತು ದೀರ್ಘ ಸೇರಿಸಿ ಎರಡಾಗಿಯೂ ಬರೀಬಹುದು. ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಬೇರೆ. ಇನ್ನು ನುಡಿ, ಬರಹದ ಹಳೇ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕು ಕೂರಿಸಿದ ಪಟ್ಟಿ ಬಂದ್ರೆ, ಮೊದಲು ಪರಿವರ್ತಕದಲ್ಲಿ ಹಾಕಿ, ಆಮೇಲೆ ಮಾತು. ಆ ಫಾಂಟುಗಳನ್ನ ಬೈಯೋರಿದ್ದಾರೆ, ನಾನು ಬೈಯಲ್ಲ. ಬೇರೇನೂ ಇಲ್ಲದಾಗ ಕನ್ನಡ ಅಚ್ಚಾಗಿದ್ದು ಅವುಗಳಿಂದಲೇ.

ಈಗ ನನ್ನ ಸ್ಕ್ರಿಪ್ಟ್ ಮೊದಲು ಎಲ್ಲಾ ಸಂಕೇತಗಳನ್ನ ಒಂದೇ ರೂಪಕ್ಕೆ ತರುತ್ತೆ. ಹೆಸರಿನ ಶುರುವಲ್ಲಿ ಶ್ರೀ ಇದ್ದು, ಅದರ ಮುಂದೆ ಖಾಲಿ ಜಾಗವೋ ಚುಕ್ಕೆಯೋ ಇದ್ರೆ ಮಾತ್ರ ತೆಗೆಯುತ್ತೆ. ಬದಲಾದ ಸಾಲುಗಳನ್ನೆಲ್ಲ ಬೇರೆ ಹಾಳೆಯಲ್ಲಿ ತೋರಿಸುತ್ತೆ, ಅವನ್ನ ನಾನು ಕೂತು ಓದ್ತೀನಿ.

ಅವರ ಪತ್ರ ಮತ್ತೆ ಅಚ್ಚು ಹಾಕಿಸಿ ಮನೆಗೆ ಹೋಗಿ ಕೊಟ್ಟು ಬಂದೆ. ಕಾಫಿ ಕೊಟ್ರು. ಹಳೇ ಪತ್ರ ವಾಪಸ್ ಕೇಳಿದ್ರೆ ಕೊಡಲಿಲ್ಲ, ಟಿವಿ ಪಕ್ಕದಲ್ಲೇ ಇಟ್ಕೊಂಡಿದ್ದಾರೆ.