ಅತಿಥಿ ಕೊಟ್ಟ ಸುಂಕ ಯಾರ ಪಾಲಿಗೆ?

ಜಮಖಂಡಿ ತಾಲ್ಲೂಕಿನ ಸಾವಳಗಿಯಿಂದ ಒಂದು ಕುಟುಂಬ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಹೊರಟಿದೆ ಎಂದಿಟ್ಟುಕೊಳ್ಳೋಣ. ರಾತ್ರಿ ಬಾದಾಮಿಯಲ್ಲೇ ತಂಗಬೇಕು. ಲಾಡ್ಜಿನಲ್ಲಿ ಕೋಣೆಯ ಬಾಡಿಗೆ ದಿನಕ್ಕೆ 1,200 ರೂಪಾಯಿ. ಬಿಲ್ಲಿನ ಕೊನೆಯಲ್ಲಿ ಇನ್ನೂ 60 ರೂಪಾಯಿ ಸೇರಿರುತ್ತದೆ. ಅದು ಸರಕು ಮತ್ತು ಸೇವಾ ತೆರಿಗೆ. ಅದರಲ್ಲಿ 30 ರೂಪಾಯಿ ಕೇಂದ್ರಕ್ಕೆ, 30 ರೂಪಾಯಿ ರಾಜ್ಯಕ್ಕೆ. ಆದರೆ ಬೆಳಿಗ್ಗೆ ಆ ಕುಟುಂಬ ಬಳಸಿದ ನೀರು, ಬಿಟ್ಟುಹೋದ ಕಸ, ನಡೆದಾಡಿದ ಬೀದಿಯ ದೀಪ ಇವೆಲ್ಲ ಬಾದಾಮಿ ಪುರಸಭೆಯ ಹೊಣೆ. ಆ 60 ರೂಪಾಯಿಯಲ್ಲಿ ಬಾದಾಮಿಯ ಹೆಸರಿನಲ್ಲಿ ಪ್ರತ್ಯೇಕ ಪಾಲು ಎಂಬುದಿಲ್ಲ.

ಊರಿಗೆ ಬಂದ ಪರಸ್ಥಳದವರಿಂದ ಹಣ ಪಡೆಯುವುದು ನ್ಯಾಯವೇ? ಪಡೆದರೆ ಅದು ಯಾರಿಗೆ ಸೇರಬೇಕು? ಮನೆಯ ಒಂದೆರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿ ಪ್ರವಾಸಿಗರಿಗೆ ಕೊಡುವ ಪದ್ಧತಿ ಹಬ್ಬುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆ ಜಗತ್ತಿನ ಹಲವೆಡೆ ಎದ್ದಿದೆ. ಆದರೆ ಪ್ರಶ್ನೆ ಹೊಸದೇನೂ ಅಲ್ಲ. ಕನ್ನಡ ನಾಡಿನ ಶಾಸನಗಳಲ್ಲೇ ಅದರ ಬೇರುಗಳಿವೆ.

ಕಲ್ಲಿನಲ್ಲಿ ಬರೆದ ಒಪ್ಪಂದ

ಇಂದು ಪ್ರವಾಸಿಗರು ಹುಡುಕಿಕೊಂಡು ಹೋಗುವ ಐಹೊಳೆ ಒಂದು ಕಾಲದಲ್ಲಿ ವರ್ತಕರ ಊರು. 'ಅಯ್ಯಾವೊಳೆ ಐನೂರ್ವರು' ಎಂಬ ವ್ಯಾಪಾರಿ ಸಂಘದ ಹೆಸರು ದಕ್ಷಿಣ ಭಾರತದ ಉದ್ದಗಲಕ್ಕೂ ಶಾಸನಗಳಲ್ಲಿ ಸಿಗುತ್ತದೆ. ಜಮಖಂಡಿಯಿಂದ ಹೆಚ್ಚು ದೂರವಿಲ್ಲದ ತೇರದಾಳದಲ್ಲಿಯೂ ಇದೆ. ಅಲ್ಲಿ ಮಾಂಡಲಿಕ ಗೊಂಕನು 1123ರ ಹೊತ್ತಿಗೆ ನೇಮಿನಾಥ ಬಸದಿ ಕಟ್ಟಿಸಿದ. ಆ ಬಸದಿಗೆ ಸಂಬಂಧಿಸಿದ ಶಾಸನ ಈ ವರ್ತಕರನ್ನೂ ಹೆಸರಿಸುತ್ತದೆ.

ವರ್ತಕರ ದಾನದ ರೀತಿಯನ್ನು ಗಮನಿಸಬೇಕು. ಅವರು ಒಮ್ಮೆ ಹಣ ಕೊಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ. ತಮ್ಮ ಸರಕಿನ ಮೇಲೆ ತಾವೇ ಒಂದು 'ಆಯ' ಹಾಕಿಕೊಳ್ಳುತ್ತಿದ್ದರು. ವೀಳ್ಯದೆಲೆಯ ಹೇರಿಗೆ ಇಷ್ಟು ಎಲೆ, ಗಾಣಕ್ಕೆ ಇಷ್ಟು ಎಣ್ಣೆ, ಧಾನ್ಯದ ಹೇರಿಗೆ ಇಷ್ಟು ಕಾಳು ಎಂಬಂತೆ ಅದು ಗೊತ್ತಾಗುತ್ತಿತ್ತು. ಕೊಡುವವರು ಯಾರು, ಎಷ್ಟು, ಯಾವ ಕೆಲಸಕ್ಕೆ ಎಂಬುದನ್ನು ಕಲ್ಲಿನಲ್ಲಿ ಕೊರೆಸಿ ಎಲ್ಲರಿಗೂ ಕಾಣುವಂತೆ ನಿಲ್ಲಿಸುತ್ತಿದ್ದರು. ಎಣ್ಣೆ ದೀಪಕ್ಕೆಂದು ಬರೆದಿದ್ದರೆ ದೀಪ ಉರಿಯುತ್ತಿದೆಯೇ ಇಲ್ಲವೇ ಎಂದು ನೋಡಲು ಲೆಕ್ಕಪರಿಶೋಧಕರೇ ಬರಬೇಕಾಗಿರಲಿಲ್ಲ.

ಕಾಶಿಯ ಕರ, ಪುರಿಯ ಛತ್ರ

ಯಾತ್ರಿಕನ ಸುಂಕಕ್ಕೆ ಇನ್ನೊಂದು ಮುಖವೂ ಇತ್ತು. ಕಾಶಿಯಲ್ಲಿ ತುರುಷ್ಕ ಅರಸರು ವಿಧಿಸಿದ್ದ ಕರ ಅಲ್ಲಿಗೆ ಹೋದವರಿಗೆ ಹೊರೆಯಾಗಿತ್ತು. 1279ರಲ್ಲಿ ಹೊಯ್ಸಳ ದೊರೆ ಮೂರನೆಯ ನರಸಿಂಹನು ಹೆಬ್ಬಾಲೆ ಎಂಬ ಗ್ರಾಮದ 645 ನಿಷ್ಕಗಳ ವಾರ್ಷಿಕ ಉತ್ಪನ್ನವನ್ನು ಆ ಕರ ತುಂಬಲೆಂದೇ ದತ್ತಿ ಬಿಟ್ಟ. ಕನ್ನಡಿಗರಷ್ಟೇ ಅಲ್ಲ, ತೆಲುಗರು, ತುಳುವರು, ಮಲೆಯಾಳರು, ಗೌಡ ದೇಶದವರು ಕೂಡ ಅದರ ಫಲಾನುಭವಿಗಳು. ಎಲ್ಲೋ ಕನ್ನಡ ನಾಡಿನ ರೈತ ಬೆವರು ಸುರಿಸಿ ಬೆಳೆದದ್ದು ದೂರದ ಕಾಶಿಯಲ್ಲಿ ಸುಂಕವಾಗಿ ಸಂದಾಯವಾಗುತ್ತಿತ್ತು.

ಈಸ್ಟ್ ಇಂಡಿಯಾ ಕಂಪನಿ 1803ರಲ್ಲಿ ಒರಿಸ್ಸಾವನ್ನು ವಶಪಡಿಸಿಕೊಂಡ ಬಳಿಕ ಪುರಿ ಜಗನ್ನಾಥನ ಯಾತ್ರಿಕರಿಂದ ತಾನೇ ಕರ ಎತ್ತಿತು. ಇಂಗ್ಲೆಂಡಿನಲ್ಲಿಯೇ ಮಿಷನರಿಗಳು ಇದನ್ನು ವಿರೋಧಿಸಿದರು. ಕೊನೆಗೆ 1840ರ ಕಾಯ್ದೆಯ ಮೂಲಕ ಪುರಿ, ಗಯಾ, ಅಲಹಾಬಾದ್‌ಗಳ ಯಾತ್ರಾ ಕರ ರದ್ದಾಯಿತು.

ಕರ ಹೋದರೂ ಕಾಲರಾ ಹೋಗಲಿಲ್ಲ. ರಥಯಾತ್ರೆಯ ಸಮಯದಲ್ಲಿ ಪುರಿಯ ಮನೆಗಳ ಕೋಣೆಗಳಲ್ಲಿ ಯಾತ್ರಿಕರನ್ನು ಕುರಿಗಳಂತೆ ತುಂಬಲಾಗುತ್ತಿತ್ತು. ಆಗ ಬಂದದ್ದೇ 1871ರ ಪುರಿ ವಸತಿಗೃಹ ಕಾಯ್ದೆ. ಯಾತ್ರಿಕರಿಗೆ ಜಾಗ ಬಾಡಿಗೆ ಕೊಡುವವರು ಪರವಾನಗಿ ಪಡೆಯಬೇಕು, ಇಷ್ಟೇ ಜನರನ್ನು ಇರಿಸಬೇಕು, ಶುಲ್ಕ ತುಂಬಬೇಕು. ಆ ಶುಲ್ಕ ಪ್ರತ್ಯೇಕ ನಿಧಿಗೆ ಸೇರಿ ಊರಿನ ನೈರ್ಮಲ್ಯ ಹಾಗೂ ಆರೋಗ್ಯದ ಕೆಲಸಕ್ಕೆ ಬಳಕೆಯಾಗಬೇಕು. 1840ರವರೆಗಿನ ಕರ ಕಂಪನಿಯ ಬೊಕ್ಕಸ ತುಂಬಿಸಿತ್ತು. 1871ರ ಶುಲ್ಕ ಊರಿನಲ್ಲೇ ಉಳಿಯಬೇಕಾದದ್ದು. ಇಂದಿನ ಹೋಮ್‌ಸ್ಟೇ ಶುಲ್ಕದ ಚರ್ಚೆಗೆ ಇದಕ್ಕಿಂತ ಹತ್ತಿರದ ಪೂರ್ವಜ ಸಿಗುವುದು ಕಷ್ಟ.

ಶುಲ್ಕವೋ, ತೆರಿಗೆಯೋ?

ಈ ಎರಡರ ನಡುವಿನ ಗೆರೆಯನ್ನು ಸ್ಪಷ್ಟಪಡಿಸಿದ ತೀರ್ಪು ಹುಟ್ಟಿದ್ದು ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. ಅಲ್ಲಿನ 1951ರ ಧಾರ್ಮಿಕ ದತ್ತಿ ಕಾಯ್ದೆ ಮಠ ಮಂದಿರಗಳಿಂದ ವಾರ್ಷಿಕ ವಂತಿಗೆ ಕೇಳುತ್ತಿತ್ತು. 1954ರಲ್ಲಿ ಸುಪ್ರೀಂ ಕೋರ್ಟ್ ಅದು ಶುಲ್ಕವಲ್ಲ, ತೆರಿಗೆ ಎಂದಿತು. ಕೊಟ್ಟವರಿಗೆ ನಿರ್ದಿಷ್ಟ ಸೇವೆ ದೊರೆಯಬೇಕು, ಆ ಸೇವೆಯ ಖರ್ಚಿಗೂ ಎತ್ತಿದ ಹಣಕ್ಕೂ ಸಂಬಂಧವಿರಬೇಕು, ಆಗ ಮಾತ್ರ ಅದು ಶುಲ್ಕ ಎಂಬುದು ತೀರ್ಪಿನ ಸಾರ. ಮುಂದಿನ ತೀರ್ಪುಗಳು ಈ ಕಟ್ಟನ್ನು ಸ್ವಲ್ಪ ಸಡಿಲಿಸಿದರೂ ಮೂಲ ತತ್ವ ಮರೆಯಾಗಿಲ್ಲ.

ಅದೇ ತತ್ವ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಲ್ಲೂ ಕಾಣುತ್ತದೆ. ಜಾತ್ರೆ, ಉತ್ಸವಗಳಿಗೆ ಬರುವವರಿಂದ ಗ್ರಾಮ ಪಂಚಾಯ್ತಿ ಯಾತ್ರಿಕ ಶುಲ್ಕ ಪಡೆಯಬಹುದು. ಆದರೆ ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆಯನ್ನು ಪಂಚಾಯ್ತಿ ಮಾಡಿರಬೇಕು. ಮೊದಲು ನಲ್ಲಿ, ಆಮೇಲೆ ರಸೀದಿ.

ಲಾಡ್ಜಿನ ಕೋಣೆಗೆ ಇಂಥ ಕಟ್ಟುಪಾಡಿಲ್ಲ. 1979ರ ಕಾಯ್ದೆಯಡಿ ಕರ್ನಾಟಕ ಎತ್ತುತ್ತಿದ್ದ ಐಷಾರಾಮಿ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಹೋಗುತ್ತಿತ್ತು. 2017ರ ಜುಲೈ 1ರಂದು ಅದು ಜಿಎಸ್‌ಟಿಯಲ್ಲಿ ಲೀನವಾಯಿತು. ದಿನಕ್ಕೆ 1,000 ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೋಣೆಗಳಿಗಿದ್ದ ವಿನಾಯಿತಿ 2022ರ ಜುಲೈನಲ್ಲಿ ರದ್ದಾಗಿ ಶೇ 12ರ ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗಳಿಗೆ ದರ ಶೇ 5ಕ್ಕೆ ಇಳಿಯಿತು. ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟದೆ ನೋಂದಣಿಯಾಗದ ಹೋಮ್‌ಸ್ಟೇ ಆದರೂ, ಮೊಬೈಲ್ ಆ್ಯಪ್ ಮೂಲಕ ಕೋಣೆ ಹಿಡಿದರೆ ತೆರಿಗೆಯನ್ನು ಆ್ಯಪ್ ಕಂಪನಿಯೇ ತುಂಬಬೇಕು. ಹೀಗೆ ಮೂಲೆಯ ಮನೆಯೂ ತೆರಿಗೆಯ ಬಲೆಗೆ ಬಂದಿದೆ. ಆ ಮನೆಯ ಮುಂದಿನ ಚರಂಡಿಗೆ ಮಾತ್ರ ಅದರಿಂದ ನೇರ ಪಾಲಿಲ್ಲ.

1989ರ ಎರಡು ಘಟನೆಗಳು

ಅಮೆರಿಕದಲ್ಲಿ ಇದಕ್ಕೆ ಬೇರೊಂದು ದಾರಿ ಹುಡುಕಲಾಯಿತು. 1989ರಲ್ಲಿ ಕ್ಯಾಲಿಫೋರ್ನಿಯಾದ ವೆಸ್ಟ್ ಹಾಲಿವುಡ್ ನಗರದಲ್ಲಿ 'ಪ್ರವಾಸೋದ್ಯಮ ವಲಯ' ರಚನೆಯಾಯಿತು. ವಲಯದ ಹೋಟೆಲುಗಳು ತಮ್ಮ ಮೇಲೆ ತಾವೇ ಶುಲ್ಕ ಹಾಕಿಕೊಂಡು, ಆ ಹಣವನ್ನು ಊರಿಗೆ ಪ್ರವಾಸಿಗರನ್ನು ಕರೆತರಲು ಬಳಸುವುದು ಅದರ ಕ್ರಮ. ಅಯ್ಯಾವೊಳೆ ವರ್ತಕರ ಆಯಕ್ಕೂ ಇದಕ್ಕೂ ಹೋಲಿಕೆ ಇದೆ. ಆದರೆ ಮನೆ ಬಾಡಿಗೆಗೆ ಕೊಡುವವರು ಬಂದಾಗ ತಕರಾರು ಶುರುವಾಯಿತು. ನಮ್ಮ ಪ್ರಚಾರದ ಲಾಭ ಇವರು ಪುಕ್ಕಟೆ ಪಡೆಯುತ್ತಾರೆ ಎಂಬುದು ಹೋಟೆಲಿನವರ ದೂರು. ಹಣ ಖರ್ಚು ಮಾಡುವ ಮಂಡಳಿಯಲ್ಲಿ ದೊಡ್ಡ ಹೋಟೆಲುಗಳದೇ ಮಾತು ನಡೆದರೆ ಎರಡು ಕೋಣೆಯವನಿಗೆ ಏನು ಸಿಕ್ಕೀತು ಎಂಬುದು ಇನ್ನೊಂದು ಕಡೆಯ ಪ್ರಶ್ನೆ. ಹಣ ಕೊಟ್ಟವರೇ ತೀರ್ಮಾನಿಸುತ್ತಾರೆ ಎಂದರೂ, ಅದರೊಳಗೆ ಹೆಚ್ಚು ಕೊಟ್ಟವರದೇ ದನಿ ದೊಡ್ಡದಾಗಬಹುದು. ಕೋಣೆ ಗುಡಿಸುವವರಿಗೆ, ಪಕ್ಕದ ಮನೆಯವರಿಗೆ ಮಂಡಳಿಯಲ್ಲಿ ಜಾಗ ಅಪರೂಪ.

ಅದೇ 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣಾ ನದಿಗೆ 'ಶ್ರಮಬಿಂದು ಸಾಗರ' ಬ್ಯಾರೇಜ್ ಎದ್ದು ನಿಂತಿತು. ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ರೈತರು ಹಣ, ಶ್ರಮ ಎರಡನ್ನೂ ಹಾಕಿ ಕಟ್ಟಿದ ಒಡ್ಡು ಅದು. 'ಬ್ಯಾರೇಜ್ ಸಿದ್ದು' ಎಂದೇ ಹೆಸರಾದ ಅವರು 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಆಯ್ಕೆಯಾದರು. ಆ ರೈತರನ್ನು ಯಾವ ಕಾನೂನೂ ಒತ್ತಾಯಿಸಿರಲಿಲ್ಲ. ತಮ್ಮ ಹಣ ಎಲ್ಲಿಗೆ ಹೋಯಿತೆಂದು ನೋಡಲು ಅವರು ನದಿ ದಂಡೆಗೆ ನಡೆದು ಬಂದರೆ ಸಾಕಿತ್ತು.

ಬಾದಾಮಿಯ ಲಾಡ್ಜಿನಲ್ಲಿ 60 ರೂಪಾಯಿ ಕೊಟ್ಟ ಸಾವಳಗಿಯ ಪ್ರವಾಸಿಗೂ, ಅವನು ಹೋದ ಮೇಲೆ ಬೀದಿ ಗುಡಿಸುವ ಬಾದಾಮಿಯ ಪೌರಕಾರ್ಮಿಕನಿಗೂ ಅಷ್ಟೇ ಸುಲಭವಾಗಿ ಅದರ ಜಾಡು ಕಾಣುವಂತಾದರೆ, ಅತಿಥಿಯ ಸುಂಕದ ಬಗ್ಗೆ ತಕರಾರು ಅರ್ಧ ಕಡಿಮೆಯಾದೀತು.