ಬ್ಲ್ವಾದ ಸ್ಟೀಫನ್ ಮತ್ತು ಅಡೇಲಾ

ಇಂಗ್ಲೆಂಡನ್ನು ಗೆದ್ದ ವಿಲಿಯಮನ ಮಗಳು ಅಡೇಲಾ. ಅವಳ ಪತಿ, ಫ್ರಾನ್ಸಿನ ಬ್ಲ್ವಾ ಸೀಮೆಯ ಕೌಂಟ್ ಸ್ಟೀಫನ್, 1096ರಲ್ಲಿ ಮೊದಲ ಕ್ರುಸೇಡಿಗೆ ಹೊರಟನು. ಅಲ್ಲಿಂದ ಮಡದಿಗೆ ಬರೆದ ಅವನ ಎರಡು ಪತ್ರಗಳು ಉಳಿದಿವೆ. ಬೈಜಾಂಟಿಯಮ್ ಚಕ್ರವರ್ತಿ ಅಲೆಕ್ಸಿಯಸನ ಔದಾರ್ಯದ ಬಣ್ಣನೆಯ ಜೊತೆಗೆ, ಮಕ್ಕಳನ್ನೂ ಆಳುಕಾಳುಗಳನ್ನೂ ಚೆನ್ನಾಗಿ ನೋಡಿಕೊಳ್ಳೆಂಬ ಗೃಹಸ್ಥನ ಕಾಳಜಿಯೂ ಅವುಗಳಲ್ಲಿದೆ.

1098ರ ಜೂನ್‌ನಲ್ಲಿ, ಮುತ್ತಿಗೆಗೊಳಗಾಗಿದ್ದ ಅಂತಿಯೋಕ್ ನಗರ ಕೈವಶವಾಗುವುದಕ್ಕೆ ಸ್ವಲ್ಪ ಮೊದಲು ಅವನು ಪಾಳೆಯ ತೊರೆದನು. ದಾರಿಯಲ್ಲಿ ಅಲೆಕ್ಸಿಯಸನನ್ನು ಕಂಡು ಎಲ್ಲವೂ ಮುಗಿಯಿತೆಂದನು. ನೆರವಿಗೆ ಬರುತ್ತಿದ್ದ ಚಕ್ರವರ್ತಿಯೂ ಹಿಂದಿರುಗಿದನು. ಹೇಡಿಯೆಂಬ ಹೆಸರು ಅಂಟಿತು. ಅಡೇಲಾಳೇ ಏಕಾಂತದಲ್ಲಿ ಒತ್ತಾಯಿಸಿ ಅವನನ್ನು ಮತ್ತೆ ಕಳುಹಿದಳೆಂದು ಸನ್ಯಾಸಿ ಆರ್ಡರಿಕ್ ವಿಟಾಲಿಸ್ ದಶಕಗಳ ಬಳಿಕ ಬರೆದನು. ಆ ಏಕಾಂತದ ಮಾತು ಅವನಿಗೆ ಕೇಳಿಸಿದ್ದೆಂತು?

1102ರಲ್ಲಿ ರಾಮ್ಲಾದಲ್ಲಿ ಸ್ಟೀಫನ್ ಮಡಿದನು. ಸುಮಾರು 18 ವರ್ಷ ಸೀಮೆಯ ಆಡಳಿತವನ್ನು ನಿರ್ವಹಿಸಿ ಅಡೇಲಾ ಮಠ ಸೇರಿದಳು. ತಂದೆಯ ಹೆಸರನ್ನೇ ಹೊತ್ತ ಮಗ 1135ರಲ್ಲಿ ಇಂಗ್ಲೆಂಡಿನ ದೊರೆಯಾದನು.